ಫೋಟೋದಲ್ಲಿ ಕಾಣದ ಹೆಸರು

ಮಿರಗದ ಮಳೆ ಒಂದೆರಡು ಸಲ ಚೆನ್ನಾಗಿ ಬಿದ್ದ ಮೇಲೆ ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಪೂರ್ವಭಾಗದ ಯಾವುದಾದರೂ ಊರಿನ ಹುಲ್ಲುಗಾವಲಿಗೆ ಹೋಗಿ. ಉಮದಿಯಾದರೂ ಸರಿ, ಸಂಖವಾದರೂ ಸರಿ, ಗುಡ್ಡಾಪುರದ ದಾನಮ್ಮನ ಗುಡಿಗೆ ಹೋಗುವ ದಾರಿಬದಿಯಾದರೂ ಸರಿ. ಖಿಲಾರಿ ಎತ್ತು ಹಾಕಿ ಎರಡು ದಿನವಾದ ಸಗಣಿಯೊಂದನ್ನು ಕಡ್ಡಿಯಿಂದ ಮಗುಚಿ. ಮೇಲೆ ಒಣಗಿ ಗಟ್ಟಿಯಾಗಿದೆ, ಅಡಿಯಲ್ಲಿ ಇನ್ನೂ ಹಸಿ. ಮೊದಲು ಕಾಣುವವು ದಪ್ಪ ಮೈಯ ಸಗಣಿ ದುಂಬಿಗಳು, ಅವಕ್ಕೆ ಅವಸರವಿಲ್ಲ. ಅವುಗಳ ನಡುವೆ ಎರಡು ಮೂರು ಮಿಲಿಮೀಟರ್ ಉದ್ದದ ಕಪ್ಪು, ಕಂದು ಹುಳಗಳು ಬೆಳಕು ಬಿದ್ದ ಕೂಡಲೇ ಹೊಟ್ಟೆಯ ತುದಿ ಮೇಲೆತ್ತಿ ಸಿಕ್ಕ ಸಂದಿಗೆ ನುಗ್ಗುತ್ತವೆ. ನೋಡಿದವರಲ್ಲಿ ಹೆಚ್ಚಿನವರು ಇರುವೆಯೆಂದು ಬಿಟ್ಟುಬಿಡುತ್ತಾರೆ. ಅವೂ ದುಂಬಿಗಳೇ.

ಇವು ರೋವ್ ದುಂಬಿಗಳು. ಶಾಸ್ತ್ರದಲ್ಲಿ ಸ್ಟ್ಯಾಫಿಲಿನಿಡೇ ಎಂಬ ಕುಟುಂಬ. ದುಂಬಿಗಳಲ್ಲೆಲ್ಲ ಇದೇ ಅತಿ ದೊಡ್ಡದು: ಇದುವರೆಗೆ ಹೆಸರು ಪಡೆದ ಪ್ರಭೇದಗಳೇ 66,000ಕ್ಕಿಂತ ಹೆಚ್ಚು. ಜಗತ್ತಿನ ಎಲ್ಲ ಹಕ್ಕಿಗಳನ್ನು ಸೇರಿಸಿದರೂ ಸುಮಾರು 11,000 ಪ್ರಭೇದ. ಹಕ್ಕಿಗೆ ದುರ್ಬೀನು ಹಿಡಿದು ಕಾಯುವವರು ಊರಿಗೊಬ್ಬರು ಸಿಗುತ್ತಾರೆ. ಈ ಹುಳಗಳನ್ನು ಹೆಸರಿಟ್ಟು ಗುರುತಿಸಬಲ್ಲವರು ಇಡೀ ದೇಶದಲ್ಲಿ ಬೆರಳೆಣಿಕೆಯ ಮಂದಿ.

ರೋವ್ ದುಂಬಿಯ ಮೊದಲ ಗುರುತು ಅದರ ರೆಕ್ಕೆ. ಹೆಚ್ಚಿನ ದುಂಬಿಗಳಿಗೆ ಮುಂದಿನ ಜೋಡಿ ರೆಕ್ಕೆ ಗಟ್ಟಿಯಾಗಿ, ಹಿಂದಿನ ಹಾರುವ ರೆಕ್ಕೆಗಳನ್ನೂ ಹೊಟ್ಟೆಯನ್ನೂ ಮುಚ್ಚುವ ಕವಚವಾಗಿರುತ್ತದೆ. ಇವುಗಳಲ್ಲಿ ಆ ಕವಚ ನಮ್ಮ ಕಡೆಯ ಕುಬಸದಂತೆ ಎದೆಯ ಕೆಳಗೇ ನಿಂತುಬಿಡುತ್ತದೆ. ಹೊಟ್ಟೆಯ ಐದಾರು ಉಂಗುರಗಳು ಬಯಲಿಗೇ ಬಿದ್ದಿರುತ್ತವೆ. ಹಾಗೆಂದು ಹಾರಲು ಬಾರದು ಎಂದುಕೊಳ್ಳಬೇಡಿ. ಆ ಗಿಡ್ಡ ಕವಚದ ಅಡಿಯಲ್ಲಿ ಮೈಯುದ್ದದ ರೆಕ್ಕೆಗಳು ಮಡಿಸಿಟ್ಟಿರುತ್ತವೆ. ಜಪಾನಿನ ಕಜುಯಾ ಸೈತೊ ಮತ್ತು ಸಂಗಡಿಗರು ಅತಿ ವೇಗದ ಕ್ಯಾಮೆರಾದಲ್ಲಿ ಈ ಮಡಿಕೆಯನ್ನು ಸೆರೆಹಿಡಿದು 2014ರಲ್ಲಿ ಪ್ರಕಟಿಸಿದರು. ಎಡರೆಕ್ಕೆ ಒಂದು ಬಗೆಯಲ್ಲಿ, ಬಲರೆಕ್ಕೆ ಇನ್ನೊಂದು ಬಗೆಯಲ್ಲಿ ಮಡಿಯುತ್ತದೆ. ಎರಡನ್ನೂ ಒಳಗೆ ತಳ್ಳಿ ಸರಿಪಡಿಸುವ ಕೆಲಸ ಹೊಟ್ಟೆಯದು. ನೆಲಕ್ಕಿಳಿದ ರೋವ್ ದುಂಬಿ ಹೊಟ್ಟೆಯನ್ನು ಮೇಲಕ್ಕೆ ಎತ್ತಿ ಎತ್ತಿ ಆಡಿಸುವುದನ್ನು ಕಂಡರೆ, ಅದು ರೆಕ್ಕೆ ಒಳಗೆ ಹಾಕಿಕೊಳ್ಳುತ್ತಿದೆ ಎಂದು ತಿಳಿಯಿರಿ. ಬಯಲಾದ ಹೊಟ್ಟೆ ಎತ್ತ ಬೇಕಾದರೂ ಬಾಗುತ್ತದೆ. ಹಾಗಾಗಿ ಸಗಣಿಯ ಬಿರುಕು, ಎಲೆಗೊಬ್ಬರದ ಪದರು, ಕಲ್ಲಿನ ಅಡಿ, ಗೆದ್ದಲ ಹುತ್ತದ ಒಳಗೂಡು ಎಲ್ಲವೂ ಇವುಗಳ ಮನೆ.

ಈಗ ಅಸಲು ಸಮಸ್ಯೆಗೆ ಬರೋಣ. ಮೊಬೈಲಿನಲ್ಲಿ ತೆಗೆದ ಫೋಟೋ ಒಂದು ಬರುತ್ತದೆ, ಜೊತೆಗೆ ಒಂದೇ ಪ್ರಶ್ನೆ: ‘ಇದು ಯಾವ ಹುಳ ಸರ್?’ ಕಳಿಸಿದವರಿಗೆ ಒಂದು ಹೆಸರು ಬೇಕು, ಅದೂ ಪೂರ್ತಿ ಹೆಸರು, ಅದೂ ಈಗಲೇ. ನನ್ನ ಅಭಿಪ್ರಾಯ ಕೇಳಿದರೆ ಈ ಕೆಲಸದಲ್ಲಿ ಕಲಿಯಬೇಕಾದ ಮೊದಲ ವಿದ್ಯೆ ಹೆಸರು ಹೇಳುವುದಲ್ಲ, ಹೆಸರನ್ನು ಎಲ್ಲಿಗೆ ನಿಲ್ಲಿಸಬೇಕು ಎಂಬುದು. ಕುಟುಂಬದ ಮಟ್ಟಕ್ಕೆ ನಿಲ್ಲಿಸಬೇಕಾದ ಫೋಟೋಗಳಿವೆ. ಉಪಕುಟುಂಬದವರೆಗೆ, ಕೆಲವೊಮ್ಮೆ ಕುಲದವರೆಗೆ ಹೋಗಬಹುದಾದವೂ ಇವೆ. ಮೂರು ಮಿಲಿಮೀಟರಿನ ಕಪ್ಪು ರೋವ್ ದುಂಬಿಯ ಫೋಟೋ ಪ್ರಭೇದದವರೆಗೆ ಹೋಗುವುದು ಅಪರೂಪ.

ಫೋಟೋ ಏನೂ ಹೇಳುವುದಿಲ್ಲ ಎಂದಲ್ಲ, ಬಹಳವನ್ನೇ ಹೇಳುತ್ತದೆ. ಮೊದಲಿಗೆ ಇದು ರೋವ್ ದುಂಬಿಯೇ ಹೌದೋ ಎಂಬುದು. ಕತ್ತರಿಹುಳಕ್ಕೂ ಗಿಡ್ಡ ರೆಕ್ಕೆಕವಚ ಉಂಟು, ಆದರೆ ಅದರ ಬಾಲದಲ್ಲಿ ಇಕ್ಕಳ ಇರುತ್ತದೆ. ರೋವ್ ದುಂಬಿಗೆ ಇಕ್ಕಳವಿಲ್ಲ. ಇರುವೆಗೆ ಸೊಂಟದಲ್ಲಿ ಗಂಟುಳ್ಳ ತೆಳು ತೊಟ್ಟು, ಮೊಣಕೈಯಂತೆ ಮಡಿದ ಕುಡಿಮೀಸೆ. ರೋವ್ ದುಂಬಿಗೆ ಅವೂ ಇಲ್ಲ. ಇಷ್ಟಾದ ಮೇಲೆ ಕುಡಿಮೀಸೆ ತಲೆಯಲ್ಲಿ ಎಲ್ಲಿಂದ ಹೊರಡುತ್ತದೆ ಎಂದು ನೋಡಬೇಕು. ಅನುಭವವಿಲ್ಲದವರು ಮೊದಲು ಬಣ್ಣ ನೋಡುತ್ತಾರೆ. ಪಳಗಿದವರ ಕಣ್ಣು ನೇರ ಅಲ್ಲಿಗೆ ಹೋಗುತ್ತದೆ. ಎರಡು ಕಣ್ಣುಗಳ ಮುಂಭಾಗದ ನಡುವೆ, ಹಣೆಯ ಮೇಲಿಂದಲೇ ಕುಡಿಮೀಸೆ ಎದ್ದಿದ್ದರೆ ಅದು ಬಹುಪಾಲು ಅಲಿಯೊಕಾರಿನೇ ಉಪಕುಟುಂಬ. ತಲೆಯ ಮುಂಅಂಚಿನಿಂದ ಹೊರಟಿದ್ದರೆ ಸ್ಟ್ಯಾಫಿಲಿನಿನೇ ಇದ್ದೀತು. ದವಡೆಯ ಬುಡದ ಪಕ್ಕದ ಏಣಿನ ಅಡಿಯಿಂದ ಬಂದಿದ್ದರೆ ಪೆಡೆರಿನೇ ಅಥವಾ ಆಕ್ಸಿಟೆಲಿನೇ. ತಲೆಯ ಪಕ್ಕವನ್ನೆಲ್ಲ ಆವರಿಸಿದ ದೊಡ್ಡ ಕಣ್ಣಿದ್ದು, ನೀರಿನ ಅಂಚಿನಲ್ಲಿ ಸಿಕ್ಕಿದ್ದರೆ ಸ್ಟೆನಸ್ ಕುಲ ಎನ್ನಬಹುದು. ಸ್ಟೆನಸ್ ತನ್ನ ಕೆಳತುಟಿಯನ್ನು ಕ್ಷಣಾರ್ಧದಲ್ಲಿ ಮುಂದಕ್ಕೆ ಚಾಚಿ, ತುದಿಯ ಅಂಟಿನಿಂದ ಪುಟ್ಟ ಸ್ಪ್ರಿಂಗ್‌ಟೇಲ್ ಹುಳಗಳನ್ನು ಹಿಡಿಯುತ್ತದೆ. ನೀರಿಗೆ ಬಿದ್ದರೆ ಹಿಂಬದಿಯಿಂದ ಒಂದು ರಾಸಾಯನಿಕ ಬಿಟ್ಟು, ನೀರಿನ ಮೇಲ್ಪದರದ ಎಳೆತವನ್ನು ಸಡಿಲಿಸಿ ಜಾರಿಕೊಂಡು ದಡ ಸೇರುತ್ತದೆ.

ಫೋಟೋ ಸಾಕಾಗುವ ಒಂದು ದೊಡ್ಡ ಉದಾಹರಣೆಯೂ ಇದೇ ಕುಟುಂಬದಲ್ಲಿದೆ. ಜತ್ತದ ಪಶ್ಚಿಮದಲ್ಲಿ ಮ್ಹೈಸಾಳ ಏತ ನೀರಾವರಿಯ ನೀರು ಬಂದ ಕಡೆಗಳಲ್ಲಿ, ಅಥಣಿ ಕಡೆಯ ಕಬ್ಬಿನ ಸೀಮೆಯಲ್ಲಿ, ಎಲ್ಲೆಲ್ಲಿ ಹೊಲ ಸದಾ ತೇವವಾಗಿರುತ್ತದೋ ಅಲ್ಲಿ ಮಳೆಗಾಲದ ರಾತ್ರಿ ಟ್ಯೂಬ್‌ಲೈಟಿನ ಗೋಡೆಯ ಮೇಲೆ ಗಮನವಿಡಿ. ಏಳು ಮಿಲಿಮೀಟರ್ ಆಸುಪಾಸಿನ ತೆಳು ಮೈ. ತಲೆ ಕಪ್ಪು, ಎದೆ ಕಿತ್ತಳೆಗೆಂಪು, ರೆಕ್ಕೆಕವಚ ಲೋಹದ ಹೊಳಪಿನ ನೀಲಿ, ಹೊಟ್ಟೆ ಮತ್ತೆ ಕಿತ್ತಳೆ, ಅದರ ಕೊನೆಯ ಎರಡು ಉಂಗುರ ಕಪ್ಪು. ಇದು ಪೆಡೆರಸ್ ಕುಲ. ಭಾರತದಲ್ಲಿ ಹೆಚ್ಚು ಹೆಸರು ಕೇಳಿಬರುವುದು ಪೆಡೆರಸ್ ಫುಸ್ಸಿಪೆಸ್. 1826ರಲ್ಲಿ ಜಾನ್ ಕರ್ಟಿಸ್ ಇಂಗ್ಲೆಂಡಿನಲ್ಲಿ ಹೆಸರಿಟ್ಟ ಪ್ರಭೇದ, ಯುರೋಪಿನಿಂದ ಜಪಾನಿನವರೆಗೂ ಹರಡಿದೆ.

ಪೆಡೆರಸ್ ಕಚ್ಚುವುದಿಲ್ಲ, ಚುಚ್ಚುವುದಿಲ್ಲ. ನಿದ್ದೆಗಣ್ಣಿನಲ್ಲಿ ಕುತ್ತಿಗೆಯ ಮೇಲೆ ಹರಿದಾಡಿದ್ದನ್ನು ಅಂಗೈಯಿಂದ ಒರೆಸಿ ಹಾಕಿದರೆ, ಜಜ್ಜಿದ ಅದರ ಮೈಯ ರಸ ಚರ್ಮಕ್ಕೆ ಅಂಟುತ್ತದೆ. ಆಗ ಏನೂ ಗೊತ್ತಾಗುವುದಿಲ್ಲ. ಒಂದೆರಡು ದಿನದಲ್ಲಿ ಕೈ ಎಳೆದ ಗೆರೆಯುದ್ದಕ್ಕೂ ಉರಿ, ಕೆಂಪು, ಬೊಕ್ಕೆ. ಮೊಣಕೈಯ ಮಡಿಕೆಯಲ್ಲಿ ತಗುಲಿದ್ದರೆ ಎದುರುಬದುರಿನ ಚರ್ಮದ ಮೇಲೆ ಜೋಡಿ ಗಾಯ. ನಮ್ಮ ಜನ ಇದನ್ನು ಸರ್ಪಸುತ್ತು ಎಂದುಕೊಳ್ಳುತ್ತಾರೆ. ಮರಾಠಿಯಲ್ಲಿ ನಾಗೀಣ ಎನ್ನುತ್ತಾರೆ. ಮಂತ್ರ ಹಾಕಿಸುವವರೂ ಉಂಟು, ಹಾಕಿಸಿದ ಮೇಲೆ ಹತ್ತು ಹದಿನೈದು ದಿನದಲ್ಲಿ ಅದು ವಾಸಿಯೂ ಆಗುತ್ತದೆ, ಹಾಕಿಸದಿದ್ದರೂ ಆಗುತ್ತದೆ. ನಿಜವಾದ ಸರ್ಪಸುತ್ತು ವೈರಸ್ಸಿನ ಕಾಯಿಲೆ, ಅದಕ್ಕೆ ಬೇರೆ ಔಷಧ, ತಡಮಾಡಿದರೆ ತೊಂದರೆ. ಹಾಗಾಗಿ ಎರಡನ್ನೂ ಬೇರ್ಪಡಿಸಬೇಕಾದದ್ದು ವೈದ್ಯರ ಕೆಲಸ. ಮೈಮೇಲೆ ಹುಳ ಕಂಡರೆ ಊದಿ ಹಾರಿಸಬೇಕು, ಒರೆಸಬಾರದು. ಜಜ್ಜಿಹೋದರೆ ಕೂಡಲೇ ಸಾಬೂನು ನೀರಿನಲ್ಲಿ ತೊಳೆಯಬೇಕು, ಆ ಕೈಯಿಂದ ಕಣ್ಣು ಮುಟ್ಟಬಾರದು.

ಆ ರಸದಲ್ಲಿರುವ ವಿಷ ಪೆಡೆರಿನ್. ಇಟಲಿಯ ಮಾರಿಯೊ ಪವನ್ ಮತ್ತು ಬೊ 1953ರಲ್ಲಿ ಇದನ್ನು ಬೇರ್ಪಡಿಸಿ ಹೆಸರಿಟ್ಟರು. ವಿಷವನ್ನು ಪರೀಕ್ಷಿಸುವಷ್ಟು ಪ್ರಮಾಣದಲ್ಲಿ ಪಡೆಯಲು ಹೊಲಗಳಿಂದ ಹಿಡಿದು ತಂದ ದುಂಬಿಗಳ ಲೆಕ್ಕ ಸುಮಾರು 2.5 ಕೋಟಿ. ಜೀವಕೋಶ ಪ್ರೋಟೀನು ಕಟ್ಟುವುದನ್ನೇ ಇದು ತಡೆಯುತ್ತದೆ. ಇದನ್ನು ತಯಾರಿಸುವುದು ದುಂಬಿಯಲ್ಲ, ಬಹುಪಾಲು ಹೆಣ್ಣುಗಳ ಮೈಯೊಳಗೆ ಬಾಳುವ, ಸ್ಯೂಡೊಮೊನಾಸ್‌ಗೆ ಹತ್ತಿರದ ಒಂದು ಬ್ಯಾಕ್ಟೀರಿಯಾ. ಜರ್ಮನಿಯ ಯೋರ್ನ್ ಪೀಲ್ 2002ರಲ್ಲಿ ಆ ಬ್ಯಾಕ್ಟೀರಿಯಾದ ವಂಶವಾಹಿಗಳನ್ನು ಹಿಡಿದು ಇದನ್ನು ತೋರಿಸಿದರು. ಇದೇ ಬಗೆಯ ರಾಸಾಯನಿಕಗಳು ಸಮುದ್ರದ ಸ್ಪಂಜುಗಳಲ್ಲಿಯೂ ಸಿಕ್ಕಿವೆ.

ಇಲ್ಲಿ ಹೆಸರನ್ನು ಎಲ್ಲಿಗೆ ನಿಲ್ಲಿಸಬೇಕು? ಕಿತ್ತಳೆ, ನೀಲಿ, ಕಪ್ಪು ಇದೇ ಕ್ರಮದಲ್ಲಿರುವ ಪೆಡೆರಸ್ ಪ್ರಭೇದಗಳು ಭಾರತದಲ್ಲಿ ಹಲವು. ಅವನ್ನು ಬೇರೆಬೇರೆ ಮಾಡಲು ಗಂಡಿನ ಜನನಾಂಗ ನೋಡಬೇಕು. ಆದರೆ ವೈದ್ಯರಿಗೆ ಆ ತಲೆನೋವಿಲ್ಲ. ಪೆಡೆರಸ್ ಎಂದರೆ ಸಾಕು, ಚಿಕಿತ್ಸೆ ಒಂದೇ. ರೈತರಿಗೂ ಅಷ್ಟೇ ಸಾಕು: ಬತ್ತದ ಜಿಗಿಹುಳ, ಎಲೆ ಸುರುಳಿಯ ಮರಿ ತಿಂದು ಉಪಕಾರ ಮಾಡುವ ಹುಳ, ಹೊಲದಲ್ಲಿ ಅದನ್ನು ಕೊಲ್ಲಬೇಕಾಗಿಲ್ಲ. ಅಷ್ಟಕ್ಕೆ ನಿಲ್ಲಿಸದೆ ಮುಂದೆ ಹೋದರೆ ಏನಾಗುತ್ತದೆ ಎಂಬುದಕ್ಕೆ 2022ರ ಜುಲೈ ಸಾಕ್ಷಿ. ಸಿಕ್ಕಿಂನ ಮಾಜಿಟಾರದ ಎಂಜಿನಿಯರಿಂಗ್ ಕಾಲೇಜೊಂದರ ಸುಮಾರು ನೂರು ವಿದ್ಯಾರ್ಥಿಗಳಿಗೆ ಚರ್ಮದ ಉರಿ ಬಂದಾಗ ದೇಶದ ಪತ್ರಿಕೆಗಳೆಲ್ಲ ‘ನೈರೋಬಿ ನೊಣ ಬಂತು’ ಎಂದು ಬರೆದವು. ಅದು ನೊಣವಲ್ಲ. ನೈರೋಬಿಯ ಹೆಸರು ಪೂರ್ವ ಆಫ್ರಿಕಾದ ಪೆಡೆರಸ್ ಎಕ್ಸಿಮಿಯಸ್, ಪೆಡೆರಸ್ ಸಬೇಯಸ್ ಎಂಬ ಪ್ರಭೇದಗಳದು. ನಮ್ಮ ನೆಲದಲ್ಲಿ ಮೊದಲಿನಿಂದಲೂ ಇರುವ ಕುಲವೊಂದು ರಾತ್ರೋರಾತ್ರಿ ವಿದೇಶಿ ದಾಳಿಕೋರನಾಯಿತು.

ಪೆಡೆರಸ್ಸಿಗೆ ಬಣ್ಣವಾದರೂ ಇದೆ. ಸಗಣಿಯಲ್ಲಿ ಸಿಗುವ ಕಪ್ಪು ಸಣ್ಣವುಗಳ ಕಥೆ ಬೇರೆ. ಫಿಲಾಂತಸ್ ಕುಲವನ್ನೇ ತೆಗೆದುಕೊಳ್ಳಿ. ನೊಣದ ಮರಿಗಳನ್ನು ಬೇಟೆಯಾಡುವ, ಹೊಳೆಯುವ ಕಪ್ಪು ದುಂಬಿಗಳು. ಎದೆಯ ಮೇಲ್ಫಲಕವನ್ನು ಹತ್ತು ಪಟ್ಟಿನ ಕೈಮಸೂರದಲ್ಲಿ ನೋಡಿದರೆ ನುಣುಪಾಗಿದೆ. ಓರೆಯಾಗಿ ಬೆಳಕು ಬೀಳಿಸಿದರೆ ನಡುವಿನ ಎರಡೂ ಬದಿಗೆ ಮೇಲಿಂದ ಕೆಳಕ್ಕೆ ಒಂದೊಂದು ಸಾಲು ಚುಕ್ಕೆಗುಳಿಗಳು ಕಾಣುತ್ತವೆ, ಒಂದೊಂದು ಗುಳಿಯಿಂದ ಒಂದೊಂದು ಕೂದಲು. ಸಾಲಿನಲ್ಲಿ ಮೂರು ಗುಳಿ ಇದ್ದರೆ ಒಂದು ಗುಂಪು, ನಾಲ್ಕಿದ್ದರೆ ಇನ್ನೊಂದು, ಐದಿದ್ದರೆ ಮತ್ತೊಂದು. ಮುಂಅಂಚಿನ ಮೇಲೇ ಕೂತ ಗುಳಿಯನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಮೊಬೈಲಿನ ಫ್ಲ್ಯಾಶ್ ಬಿದ್ದರೆ ಆ ನುಣುಪಿನ ಮೇಲೆ ಬಿಳಿ ಹೊಳಪೊಂದು ಮೂಡಿ, ಸರಿಯಾಗಿ ಗುಳಿಗಳ ಜಾಗವನ್ನೇ ನುಂಗಿಹಾಕುತ್ತದೆ. ಫ್ಲ್ಯಾಶಿನ ಮುಂದೆ ಬಿಳಿ ಹಾಳೆಯ ತುಂಡು ಹಿಡಿದರೆ ಅರ್ಧ ಸಮಸ್ಯೆ ಮುಗಿಯುತ್ತದೆ. ಈ ಉಪಾಯಕ್ಕೆ ಖರ್ಚಿಲ್ಲ, ಆದರೂ ಹತ್ತರಲ್ಲಿ ಒಂಬತ್ತು ಫೋಟೋಗಳಲ್ಲಿ ಆ ಬಿಳಿ ಹೊಳಪು ಇದ್ದೇ ಇರುತ್ತದೆ.

ಗುಳಿ ಎಣಿಸಿದರೂ ಸಿಕ್ಕಿದ್ದು ಗುಂಪು ಮಾತ್ರ. ಉಳಿದ ಲಕ್ಷಣಗಳಲ್ಲಿ ಮೋಸ ಹೋಗುವುದು ಸುಲಭ. ಬಣ್ಣ: ಕೋಶದಿಂದ ಆಗಷ್ಟೇ ಹೊರಬಂದ ದುಂಬಿ ಮಸುಕು ಕಂದು ಬಣ್ಣದಲ್ಲಿರುತ್ತದೆ, ದಿನ ಕಳೆದಂತೆ ಕಪ್ಪಾಗುತ್ತದೆ, ಎರಡೂ ಫೋಟೋ ಕಂಡವರು ಎರಡು ಪ್ರಭೇದ ಎನ್ನುತ್ತಾರೆ. ಉದ್ದ: ಹೊಟ್ಟೆಯ ಉಂಗುರಗಳು ಒಂದರೊಳಗೊಂದು ಸರಿಯುವಂಥವು, ಜೀವಂತವಾಗಿದ್ದಾಗ ಒಂದು ಅಳತೆ, ಒಣಗಿದ ಮೇಲೆ ಒಂದು, ಮದ್ಯಸಾರದಲ್ಲಿ ನೆನೆದ ಮೇಲೆ ಇನ್ನೊಂದು. ಅದಕ್ಕೇ ಬಲ್ಲವರು ಒಟ್ಟು ಉದ್ದವನ್ನು ನಂಬದೆ ತಲೆಯಿಂದ ರೆಕ್ಕೆಕವಚದ ತುದಿಯವರೆಗಿನ ಅಳತೆ ಕೊಡುತ್ತಾರೆ. ತಲೆಯ ಗಾತ್ರ: ಆಕ್ಸಿಟೆಲಸ್, ಅನೋಟೈಲಸ್ ಕುಲಗಳಲ್ಲಿ ಚೆನ್ನಾಗಿ ತಿಂದು ಬೆಳೆದ ಗಂಡಿನ ತಲೆ ಅಗಲ, ಬಡಕಲು ಗಂಡಿನ ತಲೆ ಸಣ್ಣದು, ಒಂದೇ ಸಗಣಿಯಲ್ಲಿ ಸಿಕ್ಕ ಅಣ್ಣತಮ್ಮಂದಿರು ಬೇರೆ ಜಾತಿಯವರಂತೆ ಕಾಣುತ್ತಾರೆ.

ಅಲಿಯೊಕಾರಿನೇ ಬಗ್ಗೆ ಹೇಳಲು ಹೋದರೆ ಅದಕ್ಕೇ ಒಂದು ಪುಸ್ತಕ ಬೇಕು. 16,000ಕ್ಕೂ ಹೆಚ್ಚು ಪ್ರಭೇದಗಳು, ಬಹುತೇಕ ಎಲ್ಲವೂ ಸಣ್ಣ, ಕಂದು, ಒಂದನ್ನೊಂದು ಹೋಲುವಂಥವು. ಇವುಗಳಲ್ಲಿ ಕುಲ ತಿಳಿಯಲೇ ಪಾದದ ಗೆಣ್ಣು ಎಣಿಸಬೇಕು. ಅಲಿಯೊಕಾರಾ ಕುಲದಲ್ಲಿ ಮುಂಗಾಲು, ನಡುಗಾಲು, ಹಿಂಗಾಲು ಮೂರಕ್ಕೂ ಐದೈದು. ಅಥೆಟಾದಲ್ಲಿ ನಾಲ್ಕು, ಐದು, ಐದು. ಮೂರು ಮಿಲಿಮೀಟರ್ ಹುಳದ ಮುಂಗಾಲ ಪಾದದಲ್ಲಿ ನಾಲ್ಕೋ ಐದೋ ಎಂದು ಮೊಬೈಲ್ ಫೋಟೋದಲ್ಲಿ ಹೇಳುತ್ತೇನೆ ಎಂದವರನ್ನು ನಂಬಬೇಡಿ. ಅಲಿಯೊಕಾರಾ ಬಗ್ಗೆ ಮಾತ್ರ ಒಂದು ಮಾತು. ದೊಡ್ಡ ದುಂಬಿ ನೊಣದ ಮೊಟ್ಟೆ, ಮರಿ ತಿನ್ನುತ್ತದೆ. ಅದರ ಮರಿಯಾದರೋ ನೊಣದ ಕೋಶವನ್ನು ಹುಡುಕಿ, ಗಟ್ಟಿ ಸಿಪ್ಪೆಗೆ ತೂತು ಕೊರೆದು ಒಳಹೊಕ್ಕು, ಒಳಗಿನ ನೊಣವನ್ನು ತಿಂದು ಅಲ್ಲೇ ಬೆಳೆಯುತ್ತದೆ. ದನದ ಕೊಟ್ಟಿಗೆಯ ನೊಣ ಕಡಿಮೆಯಾಗಲು ಕಾಣದ ಕೈಗಳಲ್ಲಿ ಇದೂ ಒಂದು. ಹಾಗಿದ್ದೂ ಪಶುವೈದ್ಯದ ಯಾವ ಕೈಪಿಡಿಯೂ ಇದಕ್ಕೆ ಹೆಚ್ಚು ಜಾಗ ಕೊಟ್ಟಂತಿಲ್ಲ.

ಹೀಗಾಗಿ ಪ್ರಭೇದ ಬೇಕೆಂದರೆ ಹುಳವೇ ಬೇಕು. ಸಂಗ್ರಹಕ್ಕೆ ದುಬಾರಿ ಸಾಮಾನು ಬೇಕಿಲ್ಲ. ಸಗಣಿಯನ್ನು ಒಂದು ಬಕೆಟ್ ನೀರಿಗೆ ಹಾಕಿ ಕದಡಿದರೆ ಐದು ನಿಮಿಷದಲ್ಲಿ ರೋವ್ ದುಂಬಿಗಳು ಮೇಲೆ ತೇಲಿ ಬರುತ್ತವೆ. ತೇವದ ಕುಂಚದಿಂದ ಎತ್ತಿಕೊಳ್ಳಬಹುದು. ಎಲೆಗೊಬ್ಬರವನ್ನು ಬಿಳಿ ಬಟ್ಟೆಯ ಮೇಲೆ ಜರಡಿ ಹಿಡಿಯಬಹುದು. ಇಟಲಿಯ ಅಂತೋನಿಯೊ ಬೆರ್ಲೀಸೆ 1905ರಲ್ಲಿ ರೂಪಿಸಿದ ಆಲಿಕೆಯ ಉಪಾಯವೂ ಇದೆ: ಮೇಲಿನಿಂದ ಬಿಸಿ, ಕೆಳಗೆ ಮದ್ಯಸಾರದ ಬಾಟಲಿ, ನಡುವೆ ಎಲೆಗೊಬ್ಬರ. ಬಿಸಿಗೆ ಬೆದರಿದ ಹುಳಗಳು ತಾವಾಗಿ ಕೆಳಗಿಳಿದು ಬಾಟಲಿಗೆ ಬೀಳುತ್ತವೆ.

ಮಾಡಗ್ಯಾಳ ಕಡೆ ಹೀಗೆ ಬಕೆಟ್ ಹಿಡಿದು ಕೂತಾಗ ಕುರಿ ಕಾಯುವ ಹಿರಿಯರೊಬ್ಬರು ಬಂದು ನಿಂತರು.

‘ಏನ್ ಹುಡುಕಾಕತ್ತೀರಿ ಸರ, ಶಗಣ್ಯಾಗ?’

‘ಹುಳಾ ರೀ ಕಾಕಾ. ಸಣ್ಣು ಹುಳಾ.’

‘ಎತ್ತಿನ ಶಗಣ್ಯಾಗಿನ ಹುಳಾ ಬ್ಯಾರೆ, ಕುರಿ ಹಿಕ್ಕ್ಯಾಗಿನ ಹುಳಾ ಬ್ಯಾರೆ. ನಮ್ಮ ಹಟ್ಟಿಗೆ ಬರ್ರಿ, ತೋರಸ್ತೀನಿ.’

ಕಾಕಾ ಹೇಳಿದ್ದು ಖರೆ. ಹಿಕ್ಕಿ ಬೇಗ ಒಣಗುತ್ತದೆ. ಅಲ್ಲಿ ಬಾಳುವ ಹುಳಕ್ಕೆ ಸಿಗುವ ತೇವವೂ ಕಾಲವೂ ಬೇರೆ. ಸಿಕ್ಕಿದ್ದು ಯಾವ ಪ್ರಾಣಿಯ ಸಗಣಿಯಲ್ಲಿ, ಎಷ್ಟು ದಿನದ್ದು, ನೆರಳಿನದೋ ಬಿಸಿಲಿನದೋ ಎಂದು ಸ್ಥಳದಲ್ಲೇ ಬರೆದುಕೊಳ್ಳದಿದ್ದರೆ ಆಮೇಲೆ ನೆನಪಿಗೆ ಬಾರದು.

ಪ್ರಯೋಗಾಲಯದ ಕೆಲಸ ತಾಳ್ಮೆಯದು. ದುಂಬಿ ಒಣಗಿದ್ದರೆ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ಮೆತ್ತಗೆ ಮಾಡಬೇಕು. ಸ್ಟೀರಿಯೊ ಮೈಕ್ರೋಸ್ಕೋಪಿನ ಅಡಿಯಲ್ಲಿ, ಎಡಗೈಯ ಚಿಮುಟದಿಂದ ಮೈ ಹಿಡಿದು, ತುದಿ ಬಾಗಿಸಿದ ಅತಿ ಸಣ್ಣ ಸೂಜಿಯಿಂದ ಹೊಟ್ಟೆಯ ಕೊನೆಯ ಉಂಗುರಗಳ ನಡುವಿನಿಂದ ಗಂಡಿನ ಜನನಾಂಗವನ್ನು ಹೊರಗೆಳೆಯಬೇಕು. ಮೂರು ಮಿಲಿಮೀಟರಿನ ಹುಳದಲ್ಲಿ ಅದು ಅರ್ಧ ಮಿಲಿಮೀಟರೂ ಇರಲಾರದು. ಸುತ್ತಲಿನ ಮಾಂಸ ಕರಗಲು ಶೇಕಡ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ, ಬಳಿಕ ನೀರು, ಬಳಿಕ ಒಂದು ಹನಿ ಗ್ಲಿಸರಿನ್. ಈಗ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಹೊರಗಿನಿಂದ ಪಡಿಯಚ್ಚಿನಂತಿದ್ದ ಎರಡು ದುಂಬಿಗಳಲ್ಲಿ ಒಂದರದು ತುದಿ ಮೊಂಡು, ಇನ್ನೊಂದರದು ಕೊಕ್ಕೆ. ಹೆಣ್ಣಾದರೆ ವೀರ್ಯಸಂಚಿಯ ಸುರುಳಿಯ ಆಕಾರ ನೋಡಬೇಕು; ಕೆಲವು ಕುಲಗಳಲ್ಲಿ ಹೆಣ್ಣಿನಿಂದ ಪ್ರಭೇದ ಹೇಳುವುದು ಆಗದ ಮಾತು. ನೋಡಿ ಮುಗಿದ ಅಂಗವನ್ನು ಎಸೆಯುವಂತಿಲ್ಲ. ಸಣ್ಣ ದುಂಬಿಯ ಮೈಗೆ ನೇರ ಸೂಜಿ ಚುಚ್ಚಿದರೆ ಒಡೆದುಹೋಗುತ್ತದೆ, ಆದ್ದರಿಂದ ಅದನ್ನು ತ್ರಿಕೋನದ ರಟ್ಟಿನ ತುದಿಗೆ ಅಂಟಿಸಿ, ರಟ್ಟಿಗೆ ಸೂಜಿ ಚುಚ್ಚುತ್ತಾರೆ. ಜನನಾಂಗ ಇನ್ನೊಂದು ರಟ್ಟಿನ ಮೇಲೆ, ಅದೇ ಸೂಜಿಯಲ್ಲಿ.

ಸರಿ, ಆಕಾರ ಕಂಡಿತು. ಹೋಲಿಸುವುದು ಯಾವುದಕ್ಕೆ? ಭಾರತದ ರೋವ್ ದುಂಬಿಗಳಿಗೆ ಇವತ್ತಿಗೂ ಆಧಾರ ಮಾಲ್ಕಮ್ ಕ್ಯಾಮರನ್ ಬರೆದ ‘ಫಾನಾ ಆಫ್ ಬ್ರಿಟಿಷ್ ಇಂಡಿಯಾ’ ಮಾಲೆಯ ಸಂಪುಟಗಳು. ಕ್ಯಾಮರನ್ ಬ್ರಿಟಿಷ್ ನೌಕಾದಳದ ವೈದ್ಯ. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದವರು. 1930, 1931, 1932ರಲ್ಲಿ ಮೊದಲ ಮೂರು ಸಂಪುಟ. ನಾಲ್ಕನೆಯದು 1939ರಲ್ಲಿ ಎರಡು ಭಾಗವಾಗಿ ಬಂತು, ಅದು ಬಹುತೇಕ ಅಲಿಯೊಕಾರಿನೇಗಷ್ಟೇ ಮೀಸಲು. ಒಬ್ಬ ಮನುಷ್ಯನ ಕೆಲಸವೆಂದು ನಂಬುವುದು ಕಷ್ಟ. ಆದರೆ ಆ ಸಂಪುಟಗಳ ಗುರುತಿನ ಕೀಲಿಗಳು ಹೆಚ್ಚಾಗಿ ಹೊರ ಲಕ್ಷಣಗಳನ್ನೇ ಆಧರಿಸಿವೆ. ‘ತಲೆ ಸ್ವಲ್ಪ ಅಗಲ, ಗುಳಿಗಳು ತುಸು ಒತ್ತು’ ಎಂಬಂಥ ವಿವರಣೆ ಓದಿದಾಗ, ಯಾವುದಕ್ಕಿಂತ ಸ್ವಲ್ಪ, ಎಷ್ಟು ಒತ್ತು ಎಂದು ತಿಳಿಯಲು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನಲ್ಲಿರುವ ಅವರ ಮೂಲ ಮಾದರಿಗಳನ್ನೇ ನೋಡಬೇಕಾಗುತ್ತದೆ. ಮೇಲಾಗಿ ಕುಟುಂಬದ ಗಡಿಯೇ ಬದಲಾಗಿದೆ. ಆಗ ಬೇರೆ ಕುಟುಂಬಗಳಾಗಿದ್ದ ಸೆಲಾಫಿಡೇ 1995ರಲ್ಲಿ, ಸಿಡ್ಮೇನಿಡೇ 2009ರಲ್ಲಿ ರೋವ್ ದುಂಬಿಗಳೊಳಗೆ ಸೇರಿದವು. ಕ್ಯಾಮರನ್ ಸಂಪುಟಗಳಲ್ಲಿ ಅವುಗಳನ್ನು ಹುಡುಕಿ ಪ್ರಯೋಜನವಿಲ್ಲ.

ಕ್ಯಾಮರನ್‌ಗೂ ಹಿಂದೆ ನಮ್ಮಂಥದೇ ಬರಸೀಮೆಯಿಂದ ಒಂದು ಅಪರೂಪದ ರೋವ್ ದುಂಬಿ ಬೆಳಕಿಗೆ ಬಂದಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಹ್ಮದನಗರ ಜಿಲ್ಲೆಯಲ್ಲಿದ್ದ ಪಾದ್ರಿ ಹೈಮ್ ಗೆದ್ದಲ ಹುತ್ತಗಳನ್ನು ಅಗೆದು, ಒಳಗಿನ ಅತಿಥಿ ಹುಳಗಳನ್ನು ಯುರೋಪಿಗೆ ಕಳಿಸುತ್ತಿದ್ದರು. ಅಲ್ಲಿ ಅವನ್ನು ನೋಡುತ್ತಿದ್ದವರು ಎರಿಕ್ ವಾಸ್ಮನ್, ಅವರೂ ಜೆಸುಯಿಟ್ ಪಾದ್ರಿ. 1899ರಲ್ಲಿ ವಾಸ್ಮನ್ ಅದರಲ್ಲೊಂದಕ್ಕೆ ಟರ್ಮಿಟೊಡಿಸ್ಕಸ್ ಹೈಮಿ ಎಂದು ಹೆಸರಿಟ್ಟರು. ಅಣಬೆ ಬೆಳೆಸುವ ಗೆದ್ದಲಿನ ಗೂಡಿನಲ್ಲಿ ಬಾಳುವ ಸಣ್ಣ, ಗುಂಡಗೆ ಚಪ್ಪಟೆಯಾದ ದುಂಬಿ. ಗೆದ್ದಲು ಕಚ್ಚಲು ಬಂದರೆ ಹಿಡಿಯಲು ಅಂಚೇ ಸಿಗದು. ಜತ್ತದ ಹೊಲಗಳ ಬದುವಿನಲ್ಲೂ ಅಣಬೆ ಬೆಳೆಸುವ ಗೆದ್ದಲಿನ ಹುತ್ತಗಳಿಗೆ ಕೊರತೆಯಿಲ್ಲ. ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು ಮಳೆಯ ಇಂಥ ಸೀಮೆಯಲ್ಲಿ ಏನು ಸಿಕ್ಕೀತು ಎಂದು ಮೂಗು ಮುರಿಯುವವರು ಈ ಹೆಸರನ್ನು ನೆನಪಿಡಬೇಕು. ಪಶ್ಚಿಮಘಟ್ಟಕ್ಕೆ ಹೋಗಿ ಬಂದ ಕೀಟತಜ್ಞರ ಪಟ್ಟಿ ಉದ್ದವಿದೆ. ಅದರ ಮಳೆನೆರಳಿನ ಬಯಲಿಗೆ ಬಂದವರು ಕಡಿಮೆ.

ಈಗ ಕೆಲವರು ಕೇಳುತ್ತಾರೆ: ಡಿಎನ್‌ಎ ಇದೆಯಲ್ಲ, ಸೂಜಿ ಹಿಡಿದು ಯಾಕೆ ಗುದ್ದಾಡಬೇಕು? ಕೆನಡಾದ ಪಾಲ್ ಹೆಬರ್ಟ್ 2003ರಲ್ಲಿ ಮುಂದಿಟ್ಟ ಬಾರ್‌ಕೋಡ್ ಪದ್ಧತಿಯಲ್ಲಿ ಸಿಒಐ ಎಂಬ ಒಂದು ವಂಶವಾಹಿಯ ಸುಮಾರು 650 ಅಕ್ಷರಗಳನ್ನು ಓದಿ ಹೋಲಿಸುತ್ತಾರೆ. ಬಹಳ ಉಪಯುಕ್ತ, ವಿಶೇಷವಾಗಿ ಹೆಣ್ಣನ್ನು ಗಂಡಿಗೆ, ಮರಿಯನ್ನು ದೊಡ್ಡದಕ್ಕೆ ಜೋಡಿಸಲು. ಆದರೆ ಆ ಅಕ್ಷರಸಾಲು ತಾನಾಗಿ ಹೆಸರು ಹೇಳುವುದಿಲ್ಲ. ಭಂಡಾರದಲ್ಲಿ ಅದೇ ಪ್ರಭೇದದ ಸಾಲು ಮೊದಲೇ ಇರಬೇಕು, ಅದಕ್ಕೆ ಹೆಸರಿಟ್ಟವರು ಸೂಜಿ ಹಿಡಿದೇ ಇಟ್ಟಿರಬೇಕು. ಮೊಬೈಲ್ ಆ್ಯಪ್‌ಗಳ ಕಥೆಯೂ ಅಷ್ಟೇ. ಹೆಚ್ಚು ಫೋಟೋ ಇರುವ ಪ್ರಭೇದದ ಕಡೆಗೆ ಅವು ವಾಲುತ್ತವೆ, ಹೆಚ್ಚು ಫೋಟೋ ಇರುವುದು ಯುರೋಪು, ಅಮೆರಿಕದವಕ್ಕೆ. ಆ್ಯಪ್ ಹೇಳಿದ ಹೆಸರು ಭಾರತದಿಂದ ಎಂದಾದರೂ ವರದಿಯಾಗಿದೆಯೇ ಎಂದು ನೋಡದೆ ಒಪ್ಪಬಾರದು.

ಹೆಸರಿಗಿಂತ ಹೆಚ್ಚು ಕಾಲ ಉಳಿಯುವುದು ಚೀಟಿ. ಸೂಜಿಯ ಅಡಿಯಲ್ಲಿ ಚುಚ್ಚುವ, ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡ ಆ ಕಾಗದದ ಮೇಲೆ ಊರು, ತಾಲ್ಲೂಕು, ಜಿಲ್ಲೆ, ರಾಜ್ಯ, ದಿನಾಂಕ, ಸಿಕ್ಕ ಬಗೆ, ಸಂಗ್ರಹಿಸಿದವರ ಹೆಸರು ಇರಬೇಕು. ನಾಳೆ ಯಾರೋ ಪ್ರಭೇದದ ಹೆಸರು ತಪ್ಪೆಂದು ತಿದ್ದಬಹುದು. ಚೀಟಿ ಇಲ್ಲದಿದ್ದರೆ ತಿದ್ದಿಯೂ ಉಪಯೋಗವಿಲ್ಲ. ಗಡಿಸೀಮೆಯಲ್ಲಿ ಈ ಚೀಟಿ ಬರೆಯುವುದು ಇನ್ನೂ ಜಾಗ್ರತೆಯ ಕೆಲಸ. ಈ ನೆಲವನ್ನೇ ನೋಡಿ. 1948ರವರೆಗೆ ಡಫಳೆ ಮನೆತನದ ಜತ್ತ ಸಂಸ್ಥಾನ. 1949ರಲ್ಲಿ ಮುಂಬಯಿ ಪ್ರಾಂತದ ದಕ್ಷಿಣ ಸಾತಾರಾ ಜಿಲ್ಲೆ. 1960ರಲ್ಲಿ ಮಹಾರಾಷ್ಟ್ರದ ಸಾಂಗಲಿ ಜಿಲ್ಲೆ. ಪಕ್ಕದ ಬಿಜಾಪುರ 2014ರಲ್ಲಿ ವಿಜಯಪುರವಾಯಿತು, ಬೆಳಗಾವಿಯ ಇಂಗ್ಲಿಷ್ ಕಾಗುಣಿತವೂ ಆಗಲೇ ಬದಲಾಯಿತು. ಹೈಮ್ ಪಾದ್ರಿಯ ಅಹ್ಮದನಗರ ಈಗ ಅಹಿಲ್ಯಾನಗರ. ಊರಿನ ಹೆಸರನ್ನು ಕನ್ನಡದವರು ಒಂದು ರೀತಿ, ಮರಾಠಿಯವರು ಇನ್ನೊಂದು ರೀತಿ, ಇಂಗ್ಲಿಷ್ ಫಲಕದವರು ಮೂರನೆಯ ರೀತಿ ಬರೆಯುತ್ತಾರೆ. ಹಾಗಾಗಿ ಹೆಸರಿನ ಜೊತೆಗೆ ಮೊಬೈಲ್ ತೋರಿಸುವ ಅಕ್ಷಾಂಶ ರೇಖಾಂಶವನ್ನೂ ಬರೆದುಬಿಡಿ. ಜತ್ತ ಪಟ್ಟಣ 17.05 ಡಿಗ್ರಿ ಉತ್ತರ, 75.22 ಡಿಗ್ರಿ ಪೂರ್ವ; ಆಡಳಿತ ಯಾರದೇ ಆದರೂ ಆ ಅಂಕಿ ಕದಲುವುದಿಲ್ಲ.

ಮಾದರಿಗಳನ್ನು ಎಲ್ಲಿ ಇಡಬೇಕು ಎಂಬುದಕ್ಕೂ ಕಾನೂನಿದೆ. 2002ರ ಜೈವಿಕ ವೈವಿಧ್ಯ ಕಾಯ್ದೆಯ ಪ್ರಕಾರ ಹುಳಗಳನ್ನು ಮನಬಂದಂತೆ ವಿದೇಶದ ತಜ್ಞರಿಗೆ ಅಂಚೆಯಲ್ಲಿ ಕಳಿಸುವಂತಿಲ್ಲ. 1916ರಲ್ಲಿ ಕೋಲ್ಕತ್ತದಲ್ಲಿ ಆರಂಭವಾದ ಭಾರತೀಯ ಪ್ರಾಣಿವಿಜ್ಞಾನ ಸರ್ವೇಕ್ಷಣ ಸಂಸ್ಥೆಯ ಪಶ್ಚಿಮ ಕೇಂದ್ರ ಪುಣೆಯಲ್ಲಿದೆ. ಬೆಂಗಳೂರಿನ ಹೆಬ್ಬಾಳದಲ್ಲಿ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ ಇದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ದೂರವಲ್ಲ. ಕಳಿಸುವ ಮುಂಚೆ ಒಂದು ಪತ್ರ ಬರೆದು ಕೇಳಿ.

ಜತ್ತ, ಅಥಣಿ, ಇಂಡಿ ತಾಲ್ಲೂಕುಗಳ ಕನ್ನಡ ಶಾಲೆಗಳ ವಿಜ್ಞಾನ ಮೇಷ್ಟ್ರುಗಳಲ್ಲಿ, ಬಿಎಸ್ಸಿ ಓದುವ ಮಕ್ಕಳಲ್ಲಿ ನನ್ನದೊಂದು ಕೋರಿಕೆ. ಈ ಮಳೆಗಾಲ ನಿಮ್ಮ ಊರಿನ ಒಂದೇ ಗೋಮಾಳವನ್ನು ಆರಿಸಿಕೊಳ್ಳಿ. ಹುಳವನ್ನು ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಟ್ಟು ಮಂಕಾಗಿಸಿ, ಗ್ರಾಫ್ ಹಾಳೆಯ ಮೇಲೆ ಮೇಲಿನಿಂದ, ಪಕ್ಕದಿಂದ, ಅಡಿಯಿಂದ ಮೂರು ಫೋಟೋ ತೆಗೆಯಿರಿ. ಫೋಟೋ ತೆಗೆದ ಅದೇ ಹುಳವನ್ನು ಶೇಕಡ 70ರಿಂದ 80ರ ಮದ್ಯಸಾರದಲ್ಲಿ ಹಾಕಿ, ಒಳಗೇ ಪೆನ್ಸಿಲಿನಲ್ಲಿ ಬರೆದ ಚೀಟಿ ಇಳಿಬಿಡಿ. ಪೆನ್ನಿನ ಮಸಿ ಕರಗುತ್ತದೆ. ಡಿಎನ್‌ಎಗೆ ಬೇಕೆಂದು ಮೊದಲೇ ಗೊತ್ತಿದ್ದರೆ ಮದ್ಯಸಾರ ಶೇಕಡ 95ಕ್ಕಿಂತ ಕಡಿಮೆ ಇರಬಾರದು. ಹೆಸರಿನ ಜಾಗದಲ್ಲಿ ‘ಫಿಲಾಂತಸ್, ಪ್ರಭೇದ ತಿಳಿದಿಲ್ಲ’ ಎಂದಷ್ಟೇ ಬರೆಯಬೇಕಾಗಿ ಬಂದರೆ ಹಾಗೇ ಬರೆಯಿರಿ, ಅದು ಪೂರ್ತಿ ಉತ್ತರವೇ. ಬಾಟಲಿಯ ಮುಚ್ಚಳ ಬಿಗಿಯಾಗಿರಲಿ, ವರ್ಷಕ್ಕೊಮ್ಮೆ ತೆರೆದು ಮದ್ಯಸಾರ ಆರಿಲ್ಲವೆಂದು ನೋಡಿಕೊಳ್ಳಿ.